ಕಾಲೊನಿ ಗೋಡೆಯ ಒಳಗೆ, ಹೊರಗೆ: ಸಿಮೆಂಟ್ ಬೆಲ್ಟಿನ ಜನ ಮತ್ತು ಆದಾಯದ ಲೆಕ್ಕ ಓದೋದು ಹೇಗೆ?

ಕಲಬುರಗಿ ಜಿಲ್ಲೆ ಬಗ್ಗೆ ಮಾತು ಶುರುವಾದರೆ ಎರಡು ವಾಕ್ಯ ಒಟ್ಟೊಟ್ಟಿಗೇ ಬರುತ್ತವೆ. ಒಂದು, 'ಇಲ್ಲಿ ಎಷ್ಟೊಂದು ಸಿಮೆಂಟ್ ಕಾರ್ಖಾನೆಗಳಿವೆ ನೋಡಿ'. ಇನ್ನೊಂದು, 'ತಲಾ ಆದಾಯದಲ್ಲಿ ಈ ಜಿಲ್ಲೆ ರಾಜ್ಯಕ್ಕೇ ಕೊನೆ'. ಎರಡೂ ನಿಜ. ರಾಜ್ಯ ಸರ್ಕಾರದ ಆರ್ಥಿಕ ಸಮೀಕ್ಷೆಗಳು ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರು ನಗರವನ್ನು ಪಟ್ಟಿಯ ತುದಿಯಲ್ಲಿ, ಕಲಬುರಗಿಯನ್ನು ಬುಡದಲ್ಲಿ ತೋರಿಸುತ್ತಲೇ ಬಂದಿವೆ. ಇಷ್ಟೊಂದು ಕಾರ್ಖಾನೆ ಇದ್ದೂ ಜನ ಯಾಕೆ ಬಡವರು ಅನ್ನೋ ಪ್ರಶ್ನೆಗೆ ಭಾಷಣದಲ್ಲಿ ಬಹಳ ಉತ್ತರ ಸಿಗುತ್ತವೆ. ಲೆಕ್ಕದಲ್ಲಿ ಉತ್ತರ ಹುಡುಕೋರು ಕಮ್ಮಿ.

ಈ ಬರಹದಲ್ಲಿ ನಾನು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಈ ಐದು ಊರುಗಳನ್ನು ಇಟ್ಟುಕೊಂಡು, ಒಂದು ಸಣ್ಣ ಬಡಾವಣೆಯ ಜನಸಂಖ್ಯೆ ಮತ್ತು ಆದಾಯ ಹೇಗೆ ಬದಲಾಗುತ್ತೆ, ಅದನ್ನ ಯಾವ ಅಂಕಿಅಂಶದಲ್ಲಿ ಓದಬೇಕು, ಎಲ್ಲಿ ಮೋಸ ಹೋಗ್ತೀವಿ ಅನ್ನೋದನ್ನ ವಿವರಿಸ್ತೀನಿ. ಮುಖ್ಯವಾಗಿ ಕಾರ್ಖಾನೆ ಕಾಲೊನಿಗಳ ಬಗ್ಗೆ. ಯಾಕಂದ್ರೆ ಈ ಭಾಗದಲ್ಲಿ 'ಬಡಾವಣೆ' ಅಂತ ಮೊದಲು ಕಟ್ಟಿದ್ದೇ ಕಂಪನಿಗಳು. ಈಗ ಬರೆಯೋಕೆ ಕಾರಣವೂ ಇದೆ. 2011ರ ನಂತರದ ಮೊದಲ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನ ಅಂತ ನಿಗದಿಯಾಗಿದೆ. ಮುಂದಿನ ಹತ್ತು ವರ್ಷ ನಮ್ಮ ಊರಿಗೆ ಎಷ್ಟು ಸೀಟು, ಎಷ್ಟು ಅನುದಾನ, ಎಷ್ಟು ರೇಷನ್ ಅನ್ನೋದು ಆ ಎಣಿಕೆಯ ಮೇಲೆ ನಿಲ್ಲುತ್ತೆ.

ಐದು ಊರು, ಒಂದೇ ಕಲ್ಲು

ಈ ಐದೂ ಊರುಗಳ ನೆಲದಡಿ ಇರೋದು ಸುಣ್ಣದ ಕಲ್ಲು. ಭೂವಿಜ್ಞಾನಿಗಳು ಇದನ್ನು ಭೀಮಾ ಜಲಾನಯನದ ಕಲ್ಲು ಅಂತಾರೆ. ದೇಶದ ತುಂಬ ಜನ ಮನೆಗೆ ಹಾಸುವ 'ಶಹಾಬಾದ್ ಕಲ್ಲು' ಇದೇ. ಪದರ ಪದರವಾಗಿ ಏಳೋ ಕಲ್ಲು ಫರಸಿಗೆ ಹೋಯ್ತು, ಪುಡಿಯಾಗೋದು ಸಿಮೆಂಟಿಗೆ ಹೋಯ್ತು. ಮೇಲಿನ ಕಪ್ಪು ಮಣ್ಣಲ್ಲಿ ತೊಗರಿ. 2019ರಲ್ಲಿ ಕಲಬುರಗಿ ತೊಗರಿಗೆ ಜಿಐ ಟ್ಯಾಗ್ ಕೂಡ ಸಿಕ್ಕಿತು.

ಕಲ್ಲಿನ ಜೊತೆ ರೈಲು ಸೇರಿಕೊಂಡಿತು. ಮುಂಬೈ ಕಡೆಯಿಂದ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಗೆ ಕೂಡಿತು. ಆ ದಾರಿಯಲ್ಲೇ ಶಹಾಬಾದ್, ವಾಡಿ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಲೈನು ಶುರುವಾಯ್ತು. ಅದರ ಮೇಲೆ ಚಿತ್ತಾಪುರ, ಮಳಖೇಡ, ಸೇಡಂ. ಚಿಂಚೋಳಿಗೆ ಮಾತ್ರ ರೈಲು ಬರಲಿಲ್ಲ. ಈ ಒಂದು ವ್ಯತ್ಯಾಸ ಐದು ಊರುಗಳ ಜನಸಂಖ್ಯೆಯ ಕತೆಯನ್ನ ಬಹಳಷ್ಟು ವಿವರಿಸುತ್ತೆ. ಹಳಿ ಇದ್ದಲ್ಲಿ ಕಾರ್ಖಾನೆ ಬಂತು, ಕಾರ್ಖಾನೆ ಇದ್ದಲ್ಲಿ ಹೊರಗಿನ ಜನ ಬಂದರು. ಹಳಿ ಇಲ್ಲದಲ್ಲಿ ಒಳಗಿನ ಜನ ಹೊರಗೆ ಹೋದರು.

ಶಹಾಬಾದಿನಲ್ಲಿ ಸಿಮೆಂಟ್ ಶುರುವಾದದ್ದು ನಿಜಾಮರ ಕಾಲಕ್ಕೇ. 1936ರಲ್ಲಿ ಹತ್ತು ಕಂಪನಿಗಳನ್ನು ಸೇರಿಸಿ ಎಸಿಸಿ ಕಟ್ಟಿದಾಗ ಶಹಾಬಾದ್ ಸಿಮೆಂಟ್ ಕೂಡ ಅದರೊಳಗಿತ್ತು. 1968ರಲ್ಲಿ ವಾಡಿಯಲ್ಲಿ ಎಸಿಸಿಯ ಹೊಸ ಕಾರ್ಖಾನೆ ಬಂತು. ಆಗೆಲ್ಲ ಸಿಮೆಂಟಿನ ಬೆಲೆ, ಹಂಚಿಕೆ ಎರಡೂ ಸರ್ಕಾರದ ಕೈಯಲ್ಲಿತ್ತು. 1982ರಲ್ಲಿ ನಿಯಂತ್ರಣ ಅರ್ಧ ಸಡಿಲವಾಯ್ತು, 1989ರಲ್ಲಿ ಪೂರ್ತಿ ಹೋಯ್ತು. ಸೇಡಂ ತಾಲೂಕಿನ ಮಳಖೇಡದಲ್ಲಿ ರಾಜಶ್ರೀ, ಸೇಡಂ ಊರಿಗೆ ಹೊಂದಿಕೊಂಡು ವಾಸವದತ್ತಾ ಬಂದದ್ದು ಆ ದಶಕದಲ್ಲಿ. ಮೂರನೇ ಅಲೆ 2010ರ ಈಚೆಗಿನದು: ಚಿಂಚೋಳಿ ತಾಲೂಕಿನ ಛತ್ರಸಾಲದಲ್ಲಿ ಕಲಬುರ್ಗಿ ಸಿಮೆಂಟ್, ಚಿತ್ತಾಪುರ ತಾಲೂಕಿನ ಇಟಗಾದಲ್ಲಿ ಓರಿಯಂಟ್, ಸೇಡಂ ತಾಲೂಕಿನ ಕೋಡ್ಲಾದಲ್ಲಿ ಶ್ರೀ ಸಿಮೆಂಟ್.

ರಾಷ್ಟ್ರಕೂಟರ ಮಾನ್ಯಖೇಟ ಇದೇ ಮಳಖೇಡ. ಒಂದು ಕಾಲಕ್ಕೆ ದಖ್ಖನ್ನಿನ ತೆರಿಗೆಯೆಲ್ಲ ಹರಿದು ಬರ್ತಿದ್ದ ಊರು ಇವತ್ತು ರಾಜ್ಯದ ಹಿಂದುಳಿದ ತಾಲೂಕಿನ ಪಟ್ಟಿಯಲ್ಲಿದೆ.

ಊರೊಳಗೊಂದು ಊರು

2001ರ ಜನಗಣತಿಯ ಪಟ್ಟಣಗಳ ಪಟ್ಟಿ ತೆಗೆದು ನೋಡಿದರೆ ಒಂದು ವಿಚಿತ್ರ ಕಾಣುತ್ತೆ. ಶಹಾಬಾದ್ ಅಂತ ಒಂದು ಪಟ್ಟಣ, 'ಶಹಾಬಾದ್ ಎಸಿಸಿ' ಅಂತ ಇನ್ನೊಂದು. ವಾಡಿ ಒಂದು, 'ವಾಡಿ ಎಸಿಸಿ' ಇನ್ನೊಂದು. ಅಂದ್ರೆ ಕಾರ್ಖಾನೆ ಮತ್ತು ಅದರ ಕಾಲೊನಿಯನ್ನ ಊರಿನಿಂದ ಬೇರೆ ಮಾಡಿ, ಸ್ವತಂತ್ರ ಪಟ್ಟಣ ಅಂತಲೇ ಎಣಿಸಿದ್ದಾರೆ.

ಇದು ಬರೀ ಎಣಿಕೆಯ ಅನುಕೂಲಕ್ಕಲ್ಲ. ಸಂವಿಧಾನದ 74ನೇ ತಿದ್ದುಪಡಿ ನಗರಗಳಿಗೆ ಚುನಾಯಿತ ಸಂಸ್ಥೆ ಇರಲೇಬೇಕು ಅಂತ ಹೇಳಿತು. ಆದರೆ ಅದೇ 243ಕ್ಯೂ ವಿಧಿಯಲ್ಲಿ ಒಂದು ವಿನಾಯಿತಿ ಇಟ್ಟಿತು. ಕೈಗಾರಿಕೆಯೇ ನೀರು, ರಸ್ತೆ, ದೀಪದಂಥ ಪೌರಸೇವೆ ಕೊಡೋ ಪ್ರದೇಶವನ್ನು ರಾಜ್ಯಪಾಲರು 'ಕೈಗಾರಿಕಾ ಟೌನ್‌ಶಿಪ್' ಅಂತ ಘೋಷಿಸಬಹುದು, ಅಲ್ಲಿ ಪುರಸಭೆ ಬೇಕಿಲ್ಲ. ಕಂಪನಿ ಊರಿನ ಹಿಂದಿನ ತಿಳಿವಳಿಕೆ ಇದೇ: ನಲ್ಲಿ ನೀರು ಕಂಪನಿಯದು, ಹಾಗಾಗಿ ಆಡಳಿತವೂ ಕಂಪನಿಯದು.

ಅಂಕಿಅಂಶ ಓದೋರಿಗೆ ಈ ಗೋಡೆಯಿಂದ ಒಂದು ಲಾಭ, ಒಂದು ನಷ್ಟ. ಲಾಭ ಏನಂದ್ರೆ ಒಂದು ಸಣ್ಣ ಬಡಾವಣೆಯ ಜನಸಂಖ್ಯೆ, ಸಾಕ್ಷರತೆ, ಮಕ್ಕಳ ಸಂಖ್ಯೆ, ಪರಿಶಿಷ್ಟ ಜಾತಿಯವರ ಪಾಲು, ದುಡಿಯುವವರ ಸಂಖ್ಯೆ ಬೇರೆಯಾಗಿ ಸಿಗುತ್ತೆ. ಕಾಲೊನಿ ಮತ್ತು ಪಕ್ಕದ ಊರನ್ನ ಸಾಲಾಗಿ ಇಟ್ಟು ನೋಡಬಹುದು. ನಷ್ಟ ಏನಂದ್ರೆ ಕಾಲೊನಿಯ ಸಾಕ್ಷರತೆ, ಪಕ್ಕಾ ಮನೆ, ಶೌಚಾಲಯದ ಲೆಕ್ಕವನ್ನ ತಾಲೂಕಿನ ಸರಾಸರಿಗೆ ಸೇರಿಸಿದ ಕೂಡಲೇ ಗೋಡೆಯ ಹೊರಗಿನ ಓಣಿ ಕೂಡ ಸ್ವಲ್ಪ ಸುಧಾರಿಸಿದಂತೆ ಕಾಣುತ್ತೆ. ಅಲ್ಲಿ ಒಂದು ನಲ್ಲಿಯೂ ಹೊಸದಾಗಿ ಬಂದಿರಲ್ಲ, ಸರಾಸರಿ ಮಾತ್ರ ಏರಿರುತ್ತೆ.

ಪರ್ಮನೆಂಟ್ ಅನ್ನೋ ಪದ ಸಣ್ಣದಾದದ್ದು

ಈ ಭಾಗದಲ್ಲಿ ಆದಾಯದ ಬದಲಾವಣೆಯನ್ನ ಒಂದೇ ಪದದಲ್ಲಿ ಹೇಳಬೇಕಂದ್ರೆ ಅದು 'ಪರ್ಮನೆಂಟ್'. ಮದುವೆ ಮಾತುಕತೆಯಲ್ಲಿ ಇವತ್ತಿಗೂ ಈ ಪದಕ್ಕೆ ತೂಕವಿದೆ.

ಸಿಮೆಂಟ್ ಉದ್ಯಮದ ವೇತನ ಒಂದು ಕಾಲಕ್ಕೆ ಊರಿಂದ ಊರಿಗೆ ಬೇರೆ ಇರಲಿಲ್ಲ. 1958ರಲ್ಲಿ ಕೇಂದ್ರ ಸರ್ಕಾರ ಸಿಮೆಂಟಿಗೆ ವೇತನ ಮಂಡಳಿ ರಚಿಸಿತು. ಕಾರ್ಮಿಕರು, ಮಾಲೀಕರು ಒಂದೇ ಮೇಜಿಗೆ ಕೂತು ದೇಶಕ್ಕೆಲ್ಲ ಒಂದು ವೇತನದ ಚೌಕಟ್ಟು ಮಾಡುವ ಪದ್ಧತಿ ಬೆಳೆದದ್ದು ಹಾಗೆ. ಕ್ವಾರ್ಟರ್ಸ್, ಪಿಎಫ್, ಗ್ರಾಚ್ಯುಟಿ, ಕಂಪನಿ ಶಾಲೆ, ಆಸ್ಪತ್ರೆ ಎಲ್ಲ ಸೇರಿದರೆ ಕಾರ್ಖಾನೆಯ ಒಬ್ಬ ಕಾರ್ಮಿಕನ ಮನೆ ಊರಿನ ಶಾಲಾ ಮಾಸ್ತರರ ಮನೆಗಿಂತ ಕಮ್ಮಿ ಇರ್ತಿರಲಿಲ್ಲ. ಒಂದು ತಲೆಮಾರಿನ ಮಕ್ಕಳು ಓದಿ ಎಂಜಿನಿಯರ್, ನರ್ಸ್, ವಕೀಲ ಆದದ್ದು ಈ ಸಂಬಳದ ಮೇಲೆ. ಅದರಲ್ಲಿ ದಲಿತ ಮತ್ತು ಮುಸ್ಲಿಂ ಕುಟುಂಬಗಳೂ ಇದ್ದವು ಅನ್ನೋದನ್ನ ಮರೀಬಾರದು. ಭೂಮಿ ಇಲ್ಲದವರಿಗೆ ಗೌಡರ ಹೊಲದ ಹೊರಗೆ ಸಿಕ್ಕ ದೊಡ್ಡ ದಾರಿ ಕಾರ್ಖಾನೆ ಗೇಟು.

ಆ ದಾರಿ ಕಿರಿದಾದದ್ದಕ್ಕೆ ನನಗೆ ಕಾಣೋ ಕಾರಣ ಮೂರು.

ಮೊದಲನೆಯದು ಯಂತ್ರ. ಹಳೇ ಸಿಮೆಂಟ್ ತಯಾರಿಕೆಯಲ್ಲಿ ಕಲ್ಲಿನ ಪುಡಿಗೆ ನೀರು ಕಲಸಿ ರಾಡಿ ಮಾಡಿ ಸುಡ್ತಿದ್ದರು. ಆಮೇಲೆ ಬಂದ ಒಣ ಪದ್ಧತಿಯಲ್ಲಿ ಕಲ್ಲಿದ್ದಲು ಕಮ್ಮಿ ಸಾಕು, ಗೂಡು ದೊಡ್ಡದು, ಕಂಟ್ರೋಲ್ ರೂಮಿನಲ್ಲಿ ಕೂತ ಕೆಲವೇ ಜನ ಸಾಕು. ಉತ್ಪಾದನೆ ಹಲವು ಪಟ್ಟು ಏರಿದರೂ ಹಾಜರಿ ಪುಸ್ತಕ ದಪ್ಪ ಆಗಲಿಲ್ಲ. ಹೊಸ ಪದ್ಧತಿಯ ಜೊತೆ ಓಡಲಾಗದ ಹಳೇ ಘಟಕಗಳಿಗೆ ಕಷ್ಟ ಬಂತು. ಶಹಾಬಾದಿನ ಹಳೇ ಸಿಮೆಂಟ್ ಕಾರ್ಖಾನೆ ಕೈ ಬದಲಾಗಿ ಕೊನೆಗೆ ನಿಂತೇ ಹೋಯ್ತು.

ಎರಡನೆಯದು ಗುತ್ತಿಗೆ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ಹೆಸರಲ್ಲೇ 'ನಿಯಂತ್ರಣ ಮತ್ತು ನಿರ್ಮೂಲನೆ' ಅಂತ ಇತ್ತು. ಆದರೆ ನಿವೃತ್ತಿಯಾದ ಪ್ರತಿ ಪರ್ಮನೆಂಟ್ ಹುದ್ದೆಯ ಜಾಗಕ್ಕೆ ಠೇಕೇದಾರನ ಕಡೆಯ ಹುಡುಗ ಬರೋದು ರೂಢಿಯಾಯ್ತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು, ಹಳೇ ಕಾಯ್ದೆ ಅದರೊಳಗೆ ಸೇರಿಹೋಯ್ತು. ಮುಖ್ಯ ಕೆಲಸಕ್ಕೆ ಗುತ್ತಿಗೆಯವರನ್ನ ಹಚ್ಚಬಾರದು ಅಂತ ಸಂಹಿತೆ ಹೇಳುತ್ತೆ, ಜೊತೆಗೆ ವಿನಾಯಿತಿಗಳನ್ನೂ ಕೊಡುತ್ತೆ. ಮೊದಲು 20 ಜನ ಇದ್ದರೆ ಕಾಯ್ದೆ ಅನ್ವಯ ಆಗ್ತಿತ್ತು, ಈಗ ಆ ಗೆರೆ 50ಕ್ಕೆ ಏರಿದೆ. 49 ಜನರ ಠೇಕೇದಾರರು ಎಷ್ಟು ಹುಟ್ಟಿಕೊಳ್ತಾರೆ ಅನ್ನೋದನ್ನ ಈ ಐದೂ ಊರಿನ ಯುವಕರು ಗಮನಿಸಬೇಕು.

ಮೂರನೆಯದು ಮಾಲೀಕತ್ವ. 2022ರ ಸೆಪ್ಟೆಂಬರಿನಲ್ಲಿ ಎಸಿಸಿ ಹೋಲ್ಸಿಮ್‌ನಿಂದ ಅದಾನಿ ಸಮೂಹಕ್ಕೆ ಹೋಯ್ತು. 2025ರ ಏಪ್ರಿಲ್‌ನಲ್ಲಿ ಓರಿಯಂಟ್ ಸಿಮೆಂಟನ್ನೂ ಅದೇ ಸಮೂಹದ ಅಂಬುಜಾ ಕೊಂಡಿತು. ಮಳಖೇಡದ ರಾಜಶ್ರೀ ಮೊದಲೇ ಅಲ್ಟ್ರಾಟೆಕ್ ಆಗಿತ್ತು. 2025ರ ಮಾರ್ಚ್‌ನಲ್ಲಿ ಕೇಸೋರಾಮ್‌ನ ಸಿಮೆಂಟ್ ವ್ಯವಹಾರ, ಅಂದ್ರೆ ಸೇಡಂನ ವಾಸವದತ್ತಾ ಕೂಡ, ಅಲ್ಟ್ರಾಟೆಕ್ ಪಾಲಾಯ್ತು. ಒಂದೇ ರೈಲು ಹಳಿಯ ಅಕ್ಕಪಕ್ಕದ ನಾಲ್ಕು ದೊಡ್ಡ ಕಾರ್ಖಾನೆಗಳು ಈಗ ಎರಡೇ ಸಮೂಹದ ಕೈಯಲ್ಲಿವೆ. 'ಇಲ್ಲಿ ಸಂಬಳ ಸರಿಯಿಲ್ಲ, ಪಕ್ಕದ ಕಾರ್ಖಾನೆಗೆ ಹೋಗ್ತೀನಿ' ಅನ್ನೋ ಕಾರ್ಮಿಕನ ಮಾತಿಗೆ ಮೊದಲಿದ್ದ ಬಲ ಇದರಿಂದ ಕಮ್ಮಿಯಾಗುತ್ತೆ.

ಯಾರು ಬಂದರು, ಯಾರು ಹೋದರು

ಒಂದು ಬಡಾವಣೆಯ ಜನಸಂಖ್ಯೆ ಬದಲಾಗೋದು ನಾಲ್ಕೇ ರೀತಿ: ಹುಟ್ಟು, ಸಾವು, ಬರೋದು, ಹೋಗೋದು. ಈ ಐದು ಊರಲ್ಲಿ ಕೊನೆಯ ಎರಡರ ಆಟ ಜಾಸ್ತಿ.

ಬಂದವರಲ್ಲಿ ಪದರಗಳಿವೆ. ರೈಲಿನ ಜೊತೆ ತೆಲುಗು, ಮರಾಠಿ, ತಮಿಳು ಮಾತಾಡೋ ನೌಕರರು ಬಂದರು. ಹಾಗಾಗಿ ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಕನ್ನಡ, ಉರ್ದು, ತೆಲುಗು, ಮರಾಠಿ ನಾಲ್ಕೂ ಕೇಳಿಸುತ್ತವೆ. ಸಿಮೆಂಟಿನ ಜೊತೆ ತಾಂತ್ರಿಕ ಸಿಬ್ಬಂದಿ ಬಂದರು. ಇತ್ತೀಚಿನ ಪದರ ಗುತ್ತಿಗೆಯ ಮೇಲೆ ಉತ್ತರ ಮತ್ತು ಪೂರ್ವ ಭಾರತದಿಂದ ಬಂದವರದು. ಅವರು ಕಾಲೊನಿಯೊಳಗೆ ಇರಲ್ಲ. ಗೇಟಿನ ಹೊರಗೆ, ಊರಿನ ಅಂಚಿನ ಬಾಡಿಗೆ ಕೋಣೆಗಳಲ್ಲಿ ಇರ್ತಾರೆ. ಅವರ ಹೆಂಡತಿ ಮಕ್ಕಳು ಇಲ್ಲಿರಲ್ಲ. ಅಂಥ ವಾರ್ಡಿನಲ್ಲಿ ಗಂಡಸರ ಸಂಖ್ಯೆ ಉಬ್ಬುತ್ತೆ, ಆರು ವರ್ಷದೊಳಗಿನ ಮಕ್ಕಳ ಪಾಲು ಕುಸಿಯುತ್ತೆ. ಅದನ್ನ ನೋಡಿ 'ಇಲ್ಲಿ ಹೆಣ್ಣು ಭ್ರೂಣಹತ್ಯೆ ಇದೆ' ಅಂತ ತೀರ್ಮಾನಿಸಬಾರದು. ಮೊದಲು ಮಕ್ಕಳ ಲಿಂಗಾನುಪಾತ ಬೇರೆ ತೆಗೆದು ನೋಡಬೇಕು.

ಹೋದವರದು ಇನ್ನೊಂದು ಕತೆ. ಚಿಂಚೋಳಿ, ಸೇಡಂ, ಚಿತ್ತಾಪುರದ ಹಳ್ಳಿ ಮತ್ತು ತಾಂಡಾಗಳಿಂದ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ, ಕಬ್ಬು ಕಡಿಯೋಕೆ ಹೋಗೋದು ದಶಕಗಳ ರೂಢಿ. 2020ರ ಲಾಕ್‌ಡೌನಿನಲ್ಲಿ ಮಹಾರಾಷ್ಟ್ರದಿಂದ ಮರಳಿದವರ ಸಾಲು ನೋಡಿದಾಗ ಎಷ್ಟು ಜನ ಹೊರಗಿದ್ದರು ಅನ್ನೋದು ಊರಿನವರಿಗೇ ಕಣ್ಣಿಗೆ ಬಿತ್ತು.

ಇಲ್ಲಿ ಒಂದು ವಿಪರ್ಯಾಸವಿದೆ. ಬಿಹಾರದ ಹುಡುಗ ಸೇಡಂನ ಗೇಟಿಗೆ ಬರ್ತಾನೆ, ಸೇಡಂನ ಹುಡುಗ ಪುಣೆಯ ಕಟ್ಟಡಕ್ಕೆ ಹೋಗ್ತಾನೆ. ಇಬ್ಬರೂ ತಮ್ಮೂರಿನಿಂದ ದೂರ ಇರೋದರಿಂದಲೇ ಇಬ್ಬರ ಕೂಲಿಯೂ ಕಮ್ಮಿ ಇರುತ್ತೆ. ದೂರದಿಂದ ಬಂದವನು ಸಂಘ ಕಟ್ಟೋದು ಕಷ್ಟ, ರಜೆ ಕೇಳೋದು ಕಷ್ಟ, ಓಟು ಊರಲ್ಲಿ. 'ಹೊರಗಿನವರು ಬಂದು ನಮ್ಮ ಕೆಲಸ ತಗೊಂಡರು' ಅನ್ನೋ ಮಾತಿನಲ್ಲಿ ಸಿಟ್ಟು ನಿಜ, ಆದರೆ ಲೆಕ್ಕ ಅರ್ಧ. ಕೆಲಸ ಮೊದಲು ಪರ್ಮನೆಂಟ್‌ನಿಂದ ಗುತ್ತಿಗೆಗೆ ಹೋಯ್ತು. ಹೊರಗಿನವರು ಬಂದದ್ದು ಆಮೇಲೆ.

ಎಲ್ಲಿ ಮೋಸ ಹೋಗ್ತೀವಿ?

ಈ ಭಾಗದ ಅಂಕಿ ಹಿಡಿದು ಚರ್ಚೆಗೆ ಇಳಿಯುವ ಮೊದಲು ನಾಲ್ಕು ಬಲೆಗಳನ್ನ ತಿಳಿದಿರಬೇಕು.

ಮೊದಲ ಬಲೆ ಜಿಲ್ಲೆಯ ಗಡಿ. 2001ರಲ್ಲಿ ಗುಲ್ಬರ್ಗಾ ಜಿಲ್ಲೆಯ ಜನಸಂಖ್ಯೆ 31.31 ಲಕ್ಷ. 2011ರಲ್ಲಿ 25.66 ಲಕ್ಷ. ನೋಡಿದ ಕೂಡಲೇ 'ಹತ್ತು ವರ್ಷದಲ್ಲಿ ಐದೂವರೆ ಲಕ್ಷ ಜನ ಖಾಲಿ' ಅಂತ ಹೆಡ್‌ಲೈನ್ ಬರೆಯೋಕೆ ಕೈ ತುರಿಸುತ್ತೆ. ಆದದ್ದು ಏನಂದ್ರೆ 2009ರ ಕೊನೆಯಲ್ಲಿ ಯಾದಗಿರಿ ಬೇರೆ ಜಿಲ್ಲೆಯಾಯ್ತು. ಯಾದಗಿರಿಯ 11.74 ಲಕ್ಷ ಸೇರಿಸಿದರೆ 37.40 ಲಕ್ಷ. ಅಂದ್ರೆ ಹಳೇ ಗಡಿಯೊಳಗೆ ಸುಮಾರು 19% ಏರಿಕೆ.

ಎರಡನೇ ಬಲೆ ತಾಲೂಕಿನ ಗಡಿ. 2011ರ ಎಣಿಕೆಯಲ್ಲಿ ಶಹಾಬಾದ್ ಚಿತ್ತಾಪುರ ತಾಲೂಕಿನೊಳಗಿತ್ತು. 2018ರಲ್ಲಿ ಶಹಾಬಾದ್, ಕಾಳಗಿ ಹೊಸ ತಾಲೂಕುಗಳಾದವು. ವಾಡಿ ಚಿತ್ತಾಪುರದಲ್ಲೇ ಉಳಿಯಿತು. 2027ರ ಲೆಕ್ಕದಲ್ಲಿ 'ಚಿತ್ತಾಪುರ ತಾಲೂಕಿನ ನಗರವಾಸಿಗಳು ಕಡಿಮೆಯಾದರು' ಅಂತ ಕಾಣಬಹುದು. ಅದು ಜನ ಹೋದದ್ದಲ್ಲ, ಗೆರೆ ಸರಿದದ್ದು. ಹಳ್ಳಿ ಹಳ್ಳಿಯ ಅಂಕಿ ಕೂಡಿಸಿ ಹಳೇ ಗಡಿಯನ್ನ ಮತ್ತೆ ಕಟ್ಟಿಕೊಂಡು ಹೋಲಿಸಬೇಕು.

ಮೂರನೇ ಬಲೆ ತಾಂಡಾ. ತಾಂಡಾಗಳನ್ನ ಬಹುಕಾಲ ಪಕ್ಕದ ಕಂದಾಯ ಗ್ರಾಮದೊಳಗೇ ಎಣಿಸಿದ್ದಾರೆ. ಈಗ ಹಲವು ತಾಂಡಾಗಳು ಸ್ವತಂತ್ರ ಕಂದಾಯ ಗ್ರಾಮಗಳಾಗಿವೆ. 2023ರ ಜನವರಿಯಲ್ಲಿ ಪ್ರಧಾನಿ ಮಳಖೇಡಕ್ಕೆ ಬಂದು ಹಕ್ಕುಪತ್ರ ಹಂಚಿದ ಕಾರ್ಯಕ್ರಮ ಇದಕ್ಕೆ ಸಂಬಂಧಿಸಿದ್ದೇ. ಇದರಿಂದ ತಾಂಡಾಗಳ ನೀರು, ಶಾಲೆ, ರಸ್ತೆಯ ನಿಜ ಸ್ಥಿತಿ ಮೊದಲ ಸಲ ಬೇರೆಯಾಗಿ ಕಾಣೋ ಸಾಧ್ಯತೆ ಇದೆ. ಹಾಗೆಯೇ ತಾಂಡಾ ಕಳೆದುಕೊಂಡ ಹಳ್ಳಿಯ ಜನಸಂಖ್ಯೆ 'ಕುಸಿದಂತೆ' ಕಾಣೋದೂ ಇದೆ.

ನಾಲ್ಕನೆಯದು ದೊಡ್ಡ ಬಲೆ: ಫೆಬ್ರವರಿ. ಜನಗಣತಿಯ ತಲೆ ಎಣಿಕೆ ಫೆಬ್ರವರಿಯಲ್ಲಿ ನಡೆಯುತ್ತೆ. 2011ರಲ್ಲಿ ಫೆಬ್ರವರಿ 9ರಿಂದ 28ರವರೆಗೆ ನಡೆದಿತ್ತು. ಆ ಇಡೀ ಅವಧಿ ಮನೆಯಲ್ಲಿ ಇಲ್ಲದವರನ್ನ ಆ ಮನೆಯಲ್ಲಿ ಎಣಿಸಲ್ಲ, ಎಲ್ಲಿದ್ದಾರೋ ಅಲ್ಲಿ ಎಣಿಸಬೇಕು. ನಮ್ಮಲ್ಲಿ ತೊಗರಿ ರಾಶಿ ಮುಗಿಯೋದು ಡಿಸೆಂಬರ್, ಜನವರಿಗೆ. ಜನ ಗುಳೆ ಹೋಗೋದು ಅದಾದ ಮೇಲೆ. ಅಂದ್ರೆ ಎಣಿಸೋಕೆ ಬರೋ ಹೊತ್ತಿಗೆ ಚಿಂಚೋಳಿಯ ತಾಂಡಾದಲ್ಲಿ ಮುದುಕರು, ಮಕ್ಕಳು ಉಳಿದಿರ್ತಾರೆ. ದುಡಿಯೋರು ಮುಂಬೈಯ ಯಾವುದೋ ಕಟ್ಟಡದ ಕೆಳಗಿನ ಶೆಡ್ಡಿನಲ್ಲಿ ಇರ್ತಾರೆ. ಅಲ್ಲಿ ಎಣಿಸಿದರೆ ಅವರು ಮಹಾರಾಷ್ಟ್ರದ ಲೆಕ್ಕಕ್ಕೆ ಹೋಗ್ತಾರೆ, ಎಣಿಸದಿದ್ದರೆ ಎಲ್ಲೂ ಇಲ್ಲ. ಆಮೇಲೆ ಆ ಸಂಖ್ಯೆಯ ಮೇಲೆ ಅಂಗನವಾಡಿ, ರೇಷನ್, ಮೀಸಲು ವಾರ್ಡು ನಿರ್ಧಾರ ಆಗುತ್ತೆ.

ಆದಾಯದ ಲೆಕ್ಕ ಎಲ್ಲಿ ಸಿಗುತ್ತೆ?

ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ: ಜನಗಣತಿ ಆದಾಯವನ್ನ ಕೇಳೋದೇ ಇಲ್ಲ. ಹಾಗಾಗಿ ನಿಮ್ಮ ವಾರ್ಡಿನ ಆದಾಯ ಇಷ್ಟು ಅಂತ ಹೇಳೋ ಸರ್ಕಾರಿ ಅಂಕಿ ನೇರವಾಗಿ ಸಿಗಲ್ಲ. ಬೇರೆ ಕಿಂಡಿಗಳಿಂದ ಇಣುಕಬೇಕು.

ಒಂದು ಕಿಂಡಿ ಮನೆಪಟ್ಟಿ. ಗೋಡೆ, ಚಾವಣಿ, ಶೌಚಾಲಯ, ಅಡುಗೆ ಇಂಧನ, ಬೈಕು, ಟಿವಿ ಇವೆಲ್ಲ ಇದರಲ್ಲಿರುತ್ತವೆ, ಪಟ್ಟಣದಲ್ಲಿ ವಾರ್ಡ್ ಮಟ್ಟದವರೆಗೆ ಸಿಗುತ್ತವೆ. ಇನ್ನೊಂದು, ದುಡಿಯುವವರ ವಿಂಗಡಣೆ. ವರ್ಷದಲ್ಲಿ ಆರು ತಿಂಗಳಿಗಿಂತ ಕಮ್ಮಿ ಕೆಲಸ ಸಿಕ್ಕವರನ್ನ 'ಅಲ್ಪಾವಧಿ ದುಡಿಮೆಗಾರರು' ಅಂತ ಬೇರೆ ಹಾಕ್ತಾರೆ. ಒಂದು ವಾರ್ಡಿನಲ್ಲಿ ಇವರ ಪಾಲು ಏರಿದರೆ ಆದಾಯ ಅಭದ್ರವಾಗ್ತಿದೆ ಅಂತ ಓದಬಹುದು. ಮೂರನೆಯದು 2011ರ ಸಾಮಾಜಿಕ ಆರ್ಥಿಕ ಮತ್ತು ಜಾತಿ ಗಣತಿ. ಅದರಲ್ಲಿ ಹಳ್ಳಿ ಮನೆಗಳಲ್ಲಿ ಅತಿ ಹೆಚ್ಚು ದುಡಿಯೋ ಒಬ್ಬರ ತಿಂಗಳ ಆದಾಯ 5,000ಕ್ಕಿಂತ ಕಮ್ಮಿಯೋ, 5,000ದಿಂದ 10,000ದ ಒಳಗೋ, ಅದಕ್ಕಿಂತ ಹೆಚ್ಚೋ ಅಂತ ಕೇಳಿದ್ದರು. ಹಳೇದು, ಆದರೆ ಹಳ್ಳಿಗಳಿಗೆ ಹೋಲಿಕೆಯ ಬುನಾದಿ ಅದೇ.

ಬಿಪಿಎಲ್ ಕಾರ್ಡನ್ನ ಬಡತನದ ಅಳತೆ ಮಾಡಿಕೊಳ್ಳಬೇಡಿ. ಅದಕ್ಕೆ ಕುಟುಂಬದ ವಾರ್ಷಿಕ ಆದಾಯದ ಮಿತಿ 1.2 ಲಕ್ಷ, ಅಂದ್ರೆ ತಿಂಗಳಿಗೆ 10,000. ಈ ಮಿತಿ ಬೆಲೆಯೇರಿಕೆಯ ಜೊತೆ ಏರಿಲ್ಲ. ಕಾರ್ಡುಗಳ ಸಂಖ್ಯೆ ಹೇಳೋದು ಬಡತನದಷ್ಟೇ ಆಡಳಿತವನ್ನೂ.

ಈಗ ತಲಾ ಆದಾಯಕ್ಕೆ ಬರೋಣ. ಜಿಲ್ಲೆಯ ತಲಾ ಆದಾಯ ಅಂದ್ರೆ ಜಿಲ್ಲೆಯ ಜನರ ಕಿಸೆಯ ಸರಾಸರಿ ಅಲ್ಲ. ಜಿಲ್ಲೆಯ ಗಡಿಯೊಳಗೆ ಹುಟ್ಟಿದ ಮೌಲ್ಯವನ್ನ ಜನಸಂಖ್ಯೆಯಿಂದ ಭಾಗಿಸಿದ್ದು. ವಾಡಿಯಲ್ಲಿ ತಯಾರಾದ ಸಿಮೆಂಟಿನ ಮೌಲ್ಯ ಕಲಬುರಗಿಯ ಲೆಕ್ಕಕ್ಕೆ ಬರುತ್ತೆ. ಅದರ ಲಾಭ ಮಾತ್ರ ಷೇರುದಾರರ ಹತ್ತಿರ ಹೋಗುತ್ತೆ. ಅಂದ್ರೆ ಕಾರ್ಖಾನೆಗಳ ಮೌಲ್ಯ ಸೇರಿಸಿಯೂ ನಾವು ಕೊನೆ. ಸೇರಿಸದೆ ನೋಡಿದರೆ ಊರಿನ ಸಾಮಾನ್ಯ ಮನೆಯ ಸ್ಥಿತಿ ಸರಾಸರಿ ತೋರಿಸೋದಕ್ಕಿಂತಲೂ ಕೆಳಗಿದೆ. ಭಾಷಣಗಳಲ್ಲಿ ಬಿಟ್ಟುಹೋಗೋದು ಇದೇ ಮಾತು.

ಪರಿಹಾರ ಅಂತ ಕೊಟ್ಟದ್ದು ಎಲ್ಲಿಗೆ ತಲುಪುತ್ತೆ?

2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ 175 ತಾಲೂಕುಗಳನ್ನ ಅಳೆದು 114ನ್ನ ಹಿಂದುಳಿದವು ಅಂತ ಗುರುತಿಸಿತು. ಅದರಲ್ಲಿ 39 'ಅತ್ಯಂತ ಹಿಂದುಳಿದ' ತಾಲೂಕುಗಳು, 21 ಗುಲ್ಬರ್ಗಾ ವಿಭಾಗದವು. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಆ ಪಟ್ಟಿಯಲ್ಲಿದ್ದವು. ಆಗ ಚಿತ್ತಾಪುರ ತಾಲೂಕಿನಲ್ಲಿ ಶಹಾಬಾದೂ ಇತ್ತು, ವಾಡಿಯೂ ಇತ್ತು. ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಸಿಮೆಂಟ್ ಮಾಡಿದ ತಾಲೂಕು ಅತ್ಯಂತ ಹಿಂದುಳಿದದ್ದು ಅಂತ ಸರ್ಕಾರವೇ ಬರೆದುಕೊಟ್ಟಿತು. 2024ರಲ್ಲಿ ಎಂ. ಗೋವಿಂದರಾವ್ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನದ ಹೊಸ ಸಮಿತಿ ರಚನೆಯಾಯ್ತು.

ಸಂವಿಧಾನದ 98ನೇ ತಿದ್ದುಪಡಿಯಿಂದ 371ಜೆ ಬಂತು. ಸರ್ಕಾರಿ ನೇಮಕಾತಿಯ ಸ್ಥಳೀಯ ವೃಂದದಲ್ಲಿ ಗ್ರೂಪ್ ಎ, ಬಿಗೆ 75%, ಸಿಗೆ 80%, ಡಿಗೆ 85% ಮೀಸಲು. ಇದರಿಂದ ಡಾಕ್ಟರ್, ಎಂಜಿನಿಯರ್, ಪಿಡಿಒ ಆದವರು ಪ್ರತಿ ಊರಲ್ಲೂ ಇದ್ದಾರೆ. ಆದರೆ ಖಾಸಗಿ ಕಾರ್ಖಾನೆಯ ಗೇಟಿಗೆ 371ಜೆ ಅನ್ವಯಿಸಲ್ಲ. 2024ರ ಜುಲೈನಲ್ಲಿ ಖಾಸಗಿ ಕೆಲಸದಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ 50%, ಉಳಿದವುಗಳಲ್ಲಿ 70% ಕೊಡುವ ಮಸೂದೆಗೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟು, ಬೆಂಗಳೂರಿನ ಉದ್ಯಮಿಗಳು ಗದ್ದಲ ಮಾಡಿದ ಕೂಡಲೇ ಎರಡೇ ದಿನದಲ್ಲಿ ತಡೆಹಿಡಿಯಿತು. ಒಂದು ಮಾತು ನಾನು ಸೇರಿಸ್ತೀನಿ. ಆ ಮಸೂದೆ ಜಾರಿಯಾಗಿದ್ದರೂ ಗುತ್ತಿಗೆ ಕೆಲಸವೇ ಸ್ಥಳೀಯರಿಗೆ ಸಿಗ್ತಿತ್ತು. ಯಾರಿಗೆ ಕೆಲಸ ಅನ್ನೋದರ ಜೊತೆ ಎಂಥ ಕೆಲಸ ಅಂತಲೂ ಕೇಳಬೇಕು.

ಮೂರನೆಯದು ಕಲ್ಲಿನ ದುಡ್ಡು. 2014ರಲ್ಲಿ ಸುಣ್ಣದ ಕಲ್ಲಿನ ರಾಜಧನ ಟನ್ನಿಗೆ 80 ರೂಪಾಯಿ ಅಂತ ಆಯ್ತು. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು. ಅದಕ್ಕಿಂತ ಹಿಂದಿನ ಗಣಿ ಗುತ್ತಿಗೆಗಳು ರಾಜಧನದ 30%, ಆಮೇಲಿನವು 10% ಇದಕ್ಕೆ ಕೊಡಬೇಕು. ನೀವೇ ಲೆಕ್ಕ ಹಾಕಿ: ಹಳೇ ಗಣಿಯಿಂದ ಒಂದು ಲಾರಿಯಲ್ಲಿ 30 ಟನ್ ಕಲ್ಲು ಹೋದರೆ 2,400 ರೂಪಾಯಿ ರಾಜಧನ, 720 ರೂಪಾಯಿ ಪ್ರತಿಷ್ಠಾನಕ್ಕೆ. ಈ ಹಣ ಗಣಿಬಾಧಿತ ಹಳ್ಳಿಗಳ ನೀರು, ಆರೋಗ್ಯ, ಶಿಕ್ಷಣಕ್ಕೆ. ನಿಮ್ಮ ಊರು ಬಾಧಿತ ಪಟ್ಟಿಯಲ್ಲಿ ಇದೆಯಾ, ಯಾವ ಕಾಮಗಾರಿಗೆ ಎಷ್ಟು ಹೋಯ್ತು ಅನ್ನೋದು ಮಾಹಿತಿ ಹಕ್ಕಿನಲ್ಲಿ ಕೇಳಬಹುದಾದ ಸರಳ ಪ್ರಶ್ನೆ.

ನಿಮ್ಮ ವಾರ್ಡನ್ನ ನೀವೇ ಓದಿ

ಇದಕ್ಕೆ ದೊಡ್ಡ ಸಂಶೋಧನೆ ಬೇಕಿಲ್ಲ. ಒಂದು ಲ್ಯಾಪ್‌ಟಾಪ್, ನಾಲ್ಕು ಜನ ಗೆಳೆಯರು, ಎರಡು ಭಾನುವಾರ ಸಾಕು.

ಜನಗಣತಿಯ ವೆಬ್‌ಸೈಟಿನಿಂದ 2001 ಮತ್ತು 2011ರ ಪ್ರಾಥಮಿಕ ಸಾರಾಂಶ ಇಳಿಸಿಕೊಳ್ಳಿ. ನಿಮ್ಮ ವಾರ್ಡಿನ ಗಡಿ ಎರಡೂ ವರ್ಷ ಒಂದೇ ಇತ್ತಾ ಅಂತ ಮೊದಲು ನೋಡಿ. ಇಲ್ಲದಿದ್ದರೆ ಇಡೀ ಪಟ್ಟಣದ ಅಂಕಿಯನ್ನೇ ಹೋಲಿಸಿ. ಐದು ಸಂಖ್ಯೆ ಬರೆದುಕೊಳ್ಳಿ: ಒಟ್ಟು ಜನ, ಆರು ವರ್ಷದೊಳಗಿನ ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರ ಪಾಲು, ಹೆಣ್ಣುಮಕ್ಕಳ ಸಾಕ್ಷರತೆ, ಅಲ್ಪಾವಧಿ ದುಡಿಮೆಗಾರರು. 2027ರ ಅಂಕಿ ಬಂದಾಗ ಮೂರನೇ ಸಾಲು ತುಂಬಿ.

ಆದಾಯಕ್ಕೆ ಓಣಿಯಲ್ಲಿ ನಡೆದು ಕೇಳಿ. ಸಂಬಳ ಎಷ್ಟು ಅಂತ ಕೇಳಿದರೆ ಯಾರೂ ಸರಿಯಾಗಿ ಹೇಳಲ್ಲ. ಸಂಬಳದ ಚೀಟಿ ಕೊಡ್ತಾರಾ, ಪಿಎಫ್ ಕಟ್ತಾರಾ, ಇಎಸ್‌ಐ ಕಾರ್ಡ್ ಇದೆಯಾ, ಕಳೆದ ವರ್ಷ ಎಷ್ಟು ತಿಂಗಳು ಕೆಲಸ ಇತ್ತು ಅಂತ ಕೇಳಿ. ಕೆಲಸದ ಗುಣಮಟ್ಟ ಈ ನಾಲ್ಕು ಉತ್ತರದಲ್ಲೇ ಗೊತ್ತಾಗುತ್ತೆ. ಮನೆಯಲ್ಲಿ ಯಾರು ಎಲ್ಲಿಗೆ ಯಾವ ತಿಂಗಳಲ್ಲಿ ಹೋಗ್ತಾರೆ ಅನ್ನೋದನ್ನೂ ಬರೆದುಕೊಳ್ಳಿ. ಹೆಸರು ಬೇಡ, ಸಂಖ್ಯೆ ಸಾಕು.

ರಾಜ್ಯ ಹಿಂದುಳಿದ ವರ್ಗಗಳ ಆಯೋಗ 2025ರ ಸೆಪ್ಟೆಂಬರ್ 22ರಿಂದ ನಡೆಸಿದ ಸಮೀಕ್ಷೆಯಲ್ಲಿ 60 ಪ್ರಶ್ನೆಗಳಿದ್ದವು. ಪರಿಶಿಷ್ಟ ಜಾತಿಗಳ ಒಳಮೀಸಲಾತಿಗಾಗಿ ನಾಗಮೋಹನ ದಾಸ್ ಆಯೋಗ ಅದೇ ವರ್ಷ ಬೇರೆ ಸಮೀಕ್ಷೆ ಮಾಡಿತ್ತು. ಜನರಲ್ಲಿ ಕಾಲು ಭಾಗ ಪರಿಶಿಷ್ಟ ಜಾತಿಯವರೇ ಇರೋ ಈ ಜಿಲ್ಲೆಗೆ ಇವು ಸಣ್ಣ ವಿಷಯವಲ್ಲ. ಈ ಅಂಕಿಗಳು ರಾಜ್ಯಮಟ್ಟದ ಒಟ್ಟು ಮೊತ್ತವಾಗಿ ಮಾತ್ರ ಬಂದರೆ ಜಗಳಕ್ಕೆ ಸಾಕು, ಯೋಜನೆಗೆ ಸಾಲದು. ಯಾರ ಗುರುತೂ ಬಯಲಾಗದಂತೆ ವಾರ್ಡ್ ಮತ್ತು ಪಂಚಾಯ್ತಿ ಮಟ್ಟದಲ್ಲಿ ಪ್ರಕಟಿಸಿ ಅಂತ ಕೇಳೋದು ನಮ್ಮ ಪಾಲಿನ ಕೆಲಸ.

ಫೆಬ್ರವರಿಗೆ ಮುಂಚೆ ಇನ್ನೂ ಒಂದು ಕೆಲಸ ಇದೆ. ಗುಳೆ ಹೋಗೋ ಕುಟುಂಬಗಳ ಪಟ್ಟಿ ಪಂಚಾಯ್ತಿಯಲ್ಲಿ ಇರಲಿ. ಹೋದ ಊರಲ್ಲಿ ಎಣಿಕೆದಾರರು ಬಂದರೆ ಹೆಸರು ಬರೆಸಿ, ಹುಟ್ಟಿದ ಊರು, ಹಿಂದೆ ಇದ್ದ ಊರು ಸರಿಯಾಗಿ ಹೇಳಿ ಅಂತ ಫೋನಿನಲ್ಲಿ ಹೇಳೋಕೆ ಅಷ್ಟು ಸಾಕು. ವಲಸೆಯ ಕೋಷ್ಟಕದಲ್ಲಿ ಕಲಬುರಗಿ ಕಾಣಿಸೋದು ಆ ಒಂದು ಉತ್ತರದಿಂದ. ಕಾರ್ಖಾನೆ ಗೇಟಿನ ಹೊರಗಿನ ಬಾಡಿಗೆ ಕೋಣೆಯ ಹುಡುಗರನ್ನೂ ಬಿಡಬೇಡಿ. ಅವರನ್ನ ಎಣಿಸದೇ ಹೋದರೆ ನೀರಿನ ಟ್ಯಾಂಕು, ಚರಂಡಿ, ದವಾಖಾನೆ ಎಲ್ಲವೂ ಇರೋ ಜನಕ್ಕಿಂತ ಕಮ್ಮಿ ಜನಕ್ಕೆ ಮಂಜೂರಾಗುತ್ತವೆ, ಅದರ ತೊಂದರೆ ಓಣಿಗೆಲ್ಲ ಬರುತ್ತೆ.